ಜನಪದ ಕತೆಯಿಂದ ಬಂದ ದೆವ್ವದ ಸಿನಿಮಾಗಳು: ನೀತಿ ಎಲ್ಲಿ ಅಡಗಿದೆ?

ತುಂಗಾ ತೀರ

ಎಲ್ಲರಿಗೂ ನಮಸ್ಕಾರ. ಇಲ್ಲಿ ದೆವ್ವದ ಸಿನಿಮಾ ನೋಡುವವರು ಜಾಸ್ತಿ ಇದ್ದೀರಿ, ಅದಕ್ಕೇ ಈ ವಿಷಯ ಎತ್ತುತ್ತಿದ್ದೇನೆ. ಕತೆಯ ಗುಟ್ಟುಗಳು ರಟ್ಟಾಗುತ್ತವೆ. ನೋಡದವರು ನೋಡಿ ಬಂದು ಓದಿ.

ಇಂಥ ಸಿನಿಮಾಗಳ ಬಗ್ಗೆ ಮಾತು ಬಂದಾಗಲೆಲ್ಲ ಜನ ಒಂದು ಸಾಲಿನ ನೀತಿ ಹೇಳಿ ಮುಗಿಸಿಬಿಡುತ್ತಾರೆ. 'ತುಂಬಾಡ್' ಅಂದರೆ ಅತಿಆಸೆ ಗತಿಗೇಡು. 'ಬುಲ್‌ಬುಲ್' ಅಂದರೆ ಹೆಣ್ಣಿನ ಸೇಡು. ಅಷ್ಟೇ ಆಗಿದ್ದರೆ ಎರಡು ಗಂಟೆ ಹೆದರಿಕೊಂಡು ಕೂರುವ ಅಗತ್ಯ ಏನಿತ್ತು? ನನಗೆ ಅನಿಸುವುದು ಬೇರೆ. ಈ ಕತೆಗಳಲ್ಲಿ ಕೊನೆಗೆ ಯಾರಿಗೆ ಶಿಕ್ಷೆಯಾಯಿತು ಎಂದು ನೋಡುವ ಮೊದಲು, ಶುರುವಿನಲ್ಲಿ ಯಾರಿಗೆ ಅನ್ಯಾಯವಾಯಿತು, ಅದನ್ನು ಮನೆಯವರು ಹೇಗೆ ಮುಚ್ಚಿಟ್ಟರು ಎಂದು ನೋಡಬೇಕು. ನೀತಿ ಇರುವುದು ಅಲ್ಲಿ.

'ತುಂಬಾಡ್'ನ್ನೇ ತೆಗೆದುಕೊಳ್ಳಿ. 2018ರ ಸಿನಿಮಾ, ನಿರ್ದೇಶಕ ರಾಹಿ ಅನಿಲ್ ಬರ್ವೆ. ಕತೆ ಕೊಂಕಣದ್ದು. 1918ರಲ್ಲಿ ಶುರುವಾಗಿ 1947ಕ್ಕೆ ಮುಗಿಯುತ್ತದೆ. ಸಮೃದ್ಧಿಯ ದೇವಿಯ ಮೊದಲ ಮಗ ಹಸ್ತರ್. ಅವನು ತಾಯಿಯ ಚಿನ್ನವನ್ನೆಲ್ಲ ಬಾಚಿಕೊಳ್ಳುತ್ತಾನೆ. ಧಾನ್ಯಕ್ಕೆ ಕೈ ಹಾಕುವಷ್ಟರಲ್ಲಿ ಉಳಿದ ದೇವತೆಗಳು ಮೇಲೆ ಬೀಳುತ್ತಾರೆ. ತಾಯಿ ಅವನನ್ನು ತನ್ನ ಗರ್ಭದಲ್ಲೇ ಬಚ್ಚಿಟ್ಟು ಉಳಿಸುತ್ತಾಳೆ. ಆದರೆ ಅವನನ್ನು ಯಾರೂ ಪೂಜಿಸಬಾರದು ಎನ್ನುವ ಕರಾರು. ಒಂದು ಮನೆತನ ಆ ಕರಾರನ್ನು ಮುರಿದು ಅವನಿಗೆ ಗುಡಿ ಕಟ್ಟುತ್ತದೆ.

ಈಗ ಸಿನಿಮಾ ಶುರುವಾಗುವ ಜಾಗ ನೋಡಿ. ಕಥಾನಾಯಕ ವಿನಾಯಕನ ತಾಯಿ ಆ ಮನೆತನದ ವಾಡೆಯ ಮುದುಕ ಯಜಮಾನನ ಸೇವೆ ಮಾಡುತ್ತಾ ಇದ್ದಾಳೆ. ಅವಳ ಮಕ್ಕಳು ಅವನವೇ, ಆದರೆ ಮಕ್ಕಳೆಂದು ಹೇಳುವ ಹಾಗಿಲ್ಲ. ಇಷ್ಟಕ್ಕೆಲ್ಲ ಅವಳಿಗೆ ಸಿಗುವುದು ಒಂದು ಚಿನ್ನದ ನಾಣ್ಯ. ಬಚ್ಚಿಟ್ಟ ಮಗ ನೆಲದ ಕೆಳಗೂ ಇದ್ದಾನೆ, ನೆಲದ ಮೇಲೂ ಇದ್ದಾನೆ. ವಿನಾಯಕನ ಆಸೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅವನ ಪಾಲಿಗೆ ಅದು ತನಗೆ ಕೊಡದೆ ಉಳಿಸಿಕೊಂಡ ಆಸ್ತಿ. ಅವನು ಕೆಟ್ಟವನಾಗುವುದು ನಿಜ, ಆದರೆ ಕೆಡುವ ದಾರಿಯನ್ನು ಅವನಿಗೆ ತೋರಿಸಿದ್ದು ಆ ಮನೆಯೇ.

ಮುಂದೆ ಅವನು ಬಾವಿಯ ಕೆಳಗಿನ ಆ ಗರ್ಭಕ್ಕೆ ಇಳಿಯುವ ದೃಶ್ಯ. ಸುತ್ತ ಹಿಟ್ಟಿನ ಗೆರೆ ಎಳೆದು, ಕಣಕದ ಗೊಂಬೆ ಮಾಡಿ ಇಡುತ್ತಾನೆ. ಎಷ್ಟೋ ಕಾಲದ ಹಸಿವು ಹೊತ್ತ ಹಸ್ತರ್ ಗೊಂಬೆಯ ಮೇಲೆ ಬೀಳುತ್ತಾನೆ. ಆ ಗಡಿಬಿಡಿಯಲ್ಲಿ ಅವನ ಲಂಗೋಟಿಯಿಂದ ನಾಣ್ಯ ಉದುರಿಸಿಕೊಂಡು ಇವನು ಹಗ್ಗ ಹಿಡಿದು ಮೇಲೆ ಹತ್ತುತ್ತಾನೆ. ಆಮೇಲೆ ಇದೇ ಕೆಲಸವನ್ನು ತನ್ನ ಮಗನಿಗೆ ಕಲಿಸುತ್ತಾನೆ, ಕುಲಕಸುಬು ಕಲಿಸಿದ ಹಾಗೆ. ಇಡೀ ಸಿನಿಮಾದಲ್ಲಿ ನನಗೆ ಜಾಸ್ತಿ ಹೆದರಿಕೆಯಾಗಿದ್ದು ಆ ಪಾಠ ನಡೆಯುವಾಗ.

ನೀವೇನಂತೀರಿ?

ರಾತ್ರಿ ಶೋ

ಎರಡು ತಕರಾರು. ಒಂದು, ಹಸ್ತರ್ ಅನ್ನುವ ದೇವರು ಯಾವ ಜನಪದ ಕತೆಯಲ್ಲೂ ಇಲ್ಲ. ಸಿನಿಮಾದವರು ಕಟ್ಟಿದ್ದು. ಮರಾಠಿಯ ನಾರಾಯಣ ಧಾರಪ್ ಅವರ ಭಯದ ಕತೆಗಳ ಪ್ರಭಾವ ಅದರ ಮೇಲಿದೆ. ಹಾಗಾಗಿ ಅದನ್ನು ಜನಪದ ಅನ್ನುವುದು ಎಷ್ಟು ಸರಿ?

ಎರಡು, ದೆವ್ವದ ಸಿನಿಮಾ ಮೊದಲು ಹೆದರಿಸಬೇಕು. ನೀತಿ ಹೇಳೋಕೆ ಹೊರಟ ತಕ್ಷಣ ಭಯ ಸತ್ತುಹೋಗುತ್ತದೆ. ಈಚೆಗೆ ಬರುವ ಎಷ್ಟೋ ಸಿನಿಮಾಗಳಲ್ಲಿ ಕೊನೆಯ ಹದಿನೈದು ನಿಮಿಷ ಭಾಷಣ. ದೆವ್ವವೇ ನಿಂತು ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಆಮೇಲೆ ಹೆದರುವುದು ಯಾಕೆ?

ತುಂಗಾ ತೀರ

ಭಾಷಣದ ವಿಷಯ ಒಪ್ಪಿದೆ. ಅದಕ್ಕೇ 'ಅಡಗಿದೆ' ಅಂತ ಬರೆದದ್ದು.

ಹಸ್ತರ್ ಹೊಸ ಹೆಸರು, ಸರಿ. ಆದರೆ ಅದರ ಮೂಳೆ ಮಾಂಸ ಎಲ್ಲ ನಮಗೆ ಗೊತ್ತಿರುವುದೇ ಅಲ್ವಾ? ನೆಲದಲ್ಲಿ ನಿಧಿ, ಅದನ್ನು ಕಾಯುವ ಒಂದು ಜೀವ, ತೆಗೆಯುವವನು ಏನಾದರೂ ಕೊಡಲೇಬೇಕೆಂಬ ಕರಾರು. ನಮ್ಮ ಕಡೆ ನಿಧಿ ಕಾಯುವ ಸರ್ಪದ ಕತೆ ಕೇಳದ ಮಕ್ಕಳಿಲ್ಲ. ಆ ಕತೆ ಕತೆಯಾಗಿಯೇ ಉಳಿದಿಲ್ಲ ಅನ್ನುವುದು ಬೇಜಾರಿನ ಸಂಗತಿ. ಹಾಳುಬಿದ್ದ ಗುಡಿಗಳ ಗರ್ಭಗುಡಿ ಅಗೆದವರು, ವೀರಗಲ್ಲು ಕಿತ್ತು ಬಿಸಾಕಿದವರು ನಮ್ಮ ನಡುವೆಯೇ ಇದ್ದಾರೆ. ಕರ್ನಾಟಕದಲ್ಲಿ 2017ರಲ್ಲಿ ವಾಮಾಚಾರ ತಡೆಯುವ ಕಾಯ್ದೆ ಬಂತು. ನಿಧಿಗಾಗಿ ನಡೆಸುವ ಅಮಾನುಷ ಆಚರಣೆಗಳೂ ಅದರಲ್ಲಿ ಸೇರಿವೆ. ನಿಧಿಯ ಕತೆ ಕೇಳಿ ಎಚ್ಚರವಾಗುವ ಬದಲು ಹಾರೆ ಹಿಡಿದವರು ಇದ್ದಾರೆ ಅಂತಾಯಿತು. ಕತೆ ಒಂದೇ, ಕೇಳುವ ಕಿವಿ ಎರಡು ಥರ.

ಸಂಜೆಮಲ್ಲಿಗೆ

'ಬುಲ್‌ಬುಲ್' ಅಂದರೆ ಹೆಣ್ಣಿನ ಸೇಡು ಅಂತ ಒಂದೇ ಮಾತಿನಲ್ಲಿ ಮುಗಿಸುವವರ ಮೇಲೆ ನನಗೂ ಸಿಟ್ಟಿದೆ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

2020ರಲ್ಲಿ ಬಂದ ಸಿನಿಮಾ. ನಿರ್ದೇಶಕಿ ಅನ್ವಿತಾ ದತ್. ಬಂಗಾಳದ ಜಮೀನ್ದಾರರ ಮನೆ, 1881. ಬುಲ್‌ಬುಲ್ ಅನ್ನುವ ಪುಟ್ಟ ಹುಡುಗಿಯ ಮದುವೆ ನಡೀತಿದೆ. ಕಾಲುಂಗುರ ಹಾಕುವಾಗ ಅವಳು ಇದು ಯಾಕೆ ಅಂತ ಕೇಳುತ್ತಾಳೆ. ಅಲ್ಲೊಂದು ನರ ಇದೆ, ಅದನ್ನು ಒತ್ತದಿದ್ದರೆ ಹುಡುಗಿಯರು ಹಾರಿಹೋಗುತ್ತಾರೆ ಅಂತ ಹಿರಿಯಾಕೆ ಹೇಳುತ್ತಾಳೆ. ಚುಡೈಲ್ ಅಂದರೆ ಹೆಣ್ಣು ದೆವ್ವ. ಅವಳ ಕತೆಯಲ್ಲಿ ದೆವ್ವದ ಗುರುತು ಯಾವುದು? ಹಿಂದುಮುಂದಾದ ಪಾದ. ನಮ್ಮ ಮೋಹಿನಿ ಕತೆಗಳಲ್ಲೂ ಅದೇ. ಸಿನಿಮಾ ಮೊದಲ ಹತ್ತು ನಿಮಿಷದಲ್ಲೇ ಕಣ್ಣನ್ನು ಕಾಲಿನ ಮೇಲೆ ನೆಡುತ್ತದೆ. ಮುಂದೆ ಗಂಡ ಅನುಮಾನಪಟ್ಟು ಅವಳ ಪಾದಗಳನ್ನೇ ಜಜ್ಜಿಹಾಕುತ್ತಾನೆ. ಪಾದ ತಿರುಚಿದ್ದು ದೆವ್ವ ಅಲ್ಲ, ಗಂಡ. ಇದಕ್ಕಿಂತ ನೇರವಾಗಿ ಹೇಗೆ ಹೇಳುವುದು?

ಆದರೆ ನನಗೆ ಮರೆಯಲಾಗದ್ದು ಅದರ ಮುಂದಿನದು. ಅವಳು ಹಾಸಿಗೆಯಲ್ಲಿ ಬಿದ್ದಿದ್ದಾಳೆ. ಬಲಾತ್ಕಾರವೂ ನಡೆದುಹೋಗಿದೆ, ಮನೆಯೊಳಗೇ. ಓರಗಿತ್ತಿ ಬಿನೋದಿನಿ ಬಂದು ಅವಳ ಮೈ ಒರೆಸುತ್ತಾಳೆ. ಒರೆಸುತ್ತಾ ಒರೆಸುತ್ತಾ ಸುಮ್ಮನಿರು ಅನ್ನುತ್ತಾಳೆ. ದೊಡ್ಡ ಮನೆ, ರೇಷ್ಮೆ ಸಿಗುತ್ತದೆ, ಒಡವೆ ಸಿಗುತ್ತದೆ, ಸುಮ್ಮನಿರು. ಆಕೆ ಕೆಟ್ಟವಳ ಥರ ಮಾತಾಡುವುದೇ ಇಲ್ಲ. ತಾನೂ ನುಂಗಿಕೊಂಡು ಬದುಕಿದವಳು, ಇವಳಿಗೂ ಅದನ್ನೇ ಕಲಿಸುತ್ತಿದ್ದಾಳೆ. ತುಂಗಾ ತೀರ ಅವರು ಹೇಳಿದ 'ಮುಚ್ಚಿಡುವುದು' ಇದೇ. ಮುಚ್ಚಿಡುವ ಕೆಲಸವನ್ನು ಹೆಚ್ಚಾಗಿ ಹೆಂಗಸರ ಕೈಯಲ್ಲೇ ಮಾಡಿಸುತ್ತಾರೆ ಅನ್ನುವುದನ್ನು ಆ ದೃಶ್ಯ ತೋರಿಸುತ್ತದೆ. ನಮ್ಮ ಮನೆಗಳಲ್ಲಿ ಈ ಮಾತು ಕೇಳದವರು ಯಾರಿದ್ದಾರೆ ಹೇಳಿ?

ಇನ್ನೊಂದು ವಿಷಯ. ಉತ್ತರ ಭಾರತದ ಹಳೆಯ ನಂಬಿಕೆಯಲ್ಲೇ ಚುಡೈಲ್ ಆಗುವುದು ಬಸುರಿನಲ್ಲೋ ಹೆರಿಗೆಯಲ್ಲೋ ಸತ್ತವಳು, ಅತ್ತೆಮನೆಯವರ ಹಿಂಸೆಯಿಂದ ಸತ್ತವಳು. ಅವಳು ಮೊದಲು ಹುಡುಕಿಕೊಂಡು ಬರುವುದು ಅದೇ ಮನೆಯ ಗಂಡಸರನ್ನು. ಅಂದರೆ ನೀತಿಯನ್ನು ಸಿನಿಮಾದವರು ಹೊರಗಿನಿಂದ ತಂದು ಹಾಕಿಲ್ಲ. ಬಸುರಿ ಸೊಸೆಯನ್ನು ಚೆನ್ನಾಗಿ ನೋಡಿಕೊಳ್ಳಿ, ಇಲ್ಲದಿದ್ದರೆ ಇದೆ ನಿಮಗೆ ಅನ್ನುವ ಬೆದರಿಕೆ ಕತೆಯ ಒಳಗೇ ಇತ್ತು. ಬಾಯಿಬಿಟ್ಟು ಹೇಳಲಾಗದವರು ದೆವ್ವದ ಬಾಯಲ್ಲಿ ಹೇಳಿಸಿದ್ದಾರೆ.

ಹಳೇ ಬೆಂಗಳೂರು

ಮೇಡಂ, ತುಂಬಾ ಚೆನ್ನಾಗಿ ಬರೆದಿದ್ದೀರಿ. ನಾನು ನಮ್ಮ ಊರಿನ ದೆವ್ವದ ವಿಷಯ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ, ಹಳ್ಳಿಗಳಲ್ಲೂ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿರುತ್ತಿತ್ತು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ, ಬಾಗಿಲು ತೆಗೆದರೆ ಸಾವು, ಬರಹ ಓದಿದರೆ ವಾಪಸ್ ಹೋಗುತ್ತದೆ. ಮರುದಿನ ಬಂದರೂ ಅದೇ ಬರಹ. ಇದೇ ಎಳೆ ಹಿಡಿದು 2018ರಲ್ಲಿ ಹಿಂದಿಯ 'ಸ್ತ್ರೀ' ಬಂತು. ಊರು ಮಧ್ಯಪ್ರದೇಶದ ಚಂದೇರಿ ಆಯಿತು. ಗೋಡೆಯ ಮೇಲೆ 'ಓ ಸ್ತ್ರೀ, ನಾಳೆ ಬಾ' ಅಂತಾಯಿತು.

ಗಮನಿಸಿ, ನಮ್ಮ ದೆವ್ವಕ್ಕೆ ಹಿಂದಿನ ಕತೆಯೇ ಇರಲಿಲ್ಲ. ಅವಳು ಯಾರು, ಯಾಕೆ ಬರುತ್ತಾಳೆ, ಯಾರೂ ಕೇಳಲಿಲ್ಲ. ಬರೀ ಓಡಿಸುವ ಉಪಾಯ ಕಂಡುಕೊಂಡೆವು. ಸಿನಿಮಾ ಆ ಪ್ರಶ್ನೆ ಕೇಳಿತು. ಅವಳೊಬ್ಬ ಗಣಿಕೆ, ಪ್ರೀತಿಸಿದವನ ಜೊತೆ ಮದುವೆಯಾದ ರಾತ್ರಿಯೇ ಊರವರು ಇಬ್ಬರನ್ನೂ ಕೊಂದರು. ಅವಳ ಹೆದರಿಕೆಗೆ ಈಗ ಊರಿನ ಗಂಡಸರು ಕತ್ತಲಾದ ಮೇಲೆ ಹೊರಗೆ ಕಾಲಿಡುವುದಿಲ್ಲ, ಒಬ್ಬೊಬ್ಬರೇ ಓಡಾಡುವುದಿಲ್ಲ. ಥಿಯೇಟರಿನಲ್ಲಿ ಎಲ್ಲರೂ ನಗುತ್ತಿದ್ದರು. ನನ್ನ ಪಕ್ಕ ಕೂತಿದ್ದ ಮಗಳು ಮಾತ್ರ, ಅಪ್ಪಾ ನಾವು ದಿನಾ ಹೀಗೇ ಅಲ್ವಾ ಇರೋದು ಅಂದಳು. ಆ ಮಾತು ಕೇಳಿದ ಮೇಲೆ ನನಗೆ ನಗು ಬರಲಿಲ್ಲ.

ರಾತ್ರಿ ಶೋ

ಇಲ್ಲಿ ಒಂದು ಜಪಾನಿ ಸಿನಿಮಾ ಸೇರಿಸಲೇಬೇಕು. ಕನೆಟೊ ಶಿಂಡೊ ನಿರ್ದೇಶನದ 'ಒನಿಬಾಬಾ', 1964. ಅದರ ಮೂಲ ಒಂದು ಬೌದ್ಧ ನೀತಿಕತೆ. ಸೊಸೆ ದಿನಾ ದೇವಸ್ಥಾನಕ್ಕೆ ಹೋಗುವುದು ಅತ್ತೆಗೆ ಇಷ್ಟವಿಲ್ಲ. ಭೂತದ ಮುಖವಾಡ ಹಾಕಿಕೊಂಡು ದಾರಿಯಲ್ಲಿ ಹೆದರಿಸುತ್ತಾಳೆ. ಮುಖವಾಡ ಮುಖಕ್ಕೆ ಅಂಟಿಕೊಂಡು ಬರುವುದೇ ಇಲ್ಲ. ನೀತಿ ಸ್ಪಷ್ಟ: ಭಕ್ತಿಗೆ ಅಡ್ಡ ಬರಬೇಡ.

ಶಿಂಡೊ ಏನು ಮಾಡಿದ ನೋಡಿ. ಕಾಲವನ್ನು 14ನೇ ಶತಮಾನದ ಯುದ್ಧದ ನಡುವೆ ಇಟ್ಟ. ಮಗ ಯುದ್ಧಕ್ಕೆ ಹೋದವನು ಬಂದಿಲ್ಲ. ಆಳೆತ್ತರದ ಹುಲ್ಲಿನ ನಡುವೆ ಅತ್ತೆ ಸೊಸೆ ಇಬ್ಬರೇ. ದಾರಿ ತಪ್ಪಿ ಬಂದ ಸೈನಿಕರನ್ನು ಕೊಂದು, ಹೆಣ ಗುಂಡಿಗೆ ತಳ್ಳಿ, ಅವರ ಕವಚ ಕತ್ತಿ ಮಾರಿ ಕಾಳು ತರುತ್ತಾರೆ. ಸೊಸೆ ರಾತ್ರಿ ಓಡುವುದು ದೇವಸ್ಥಾನಕ್ಕಲ್ಲ, ಪಕ್ಕದ ಗುಡಿಸಲಿನ ಗಂಡಸಿನ ಹತ್ತಿರ. ಅತ್ತೆ ಅವಳನ್ನು ಹೆದರಿಸುವುದು ಧರ್ಮಕ್ಕಾಗಿ ಅಲ್ಲ. ಸೊಸೆ ಬಿಟ್ಟುಹೋದರೆ ಒಬ್ಬಳೇ ಸೈನಿಕರನ್ನು ಕೊಲ್ಲಲು ಆಗುವುದಿಲ್ಲ, ಹೊಟ್ಟೆಗಿಲ್ಲ. ಮಳೆಯಲ್ಲಿ ನೆನೆದ ಮುಖವಾಡ ಅಂಟಿಕೊಂಡಾಗ ಸೊಸೆಯೇ ಸುತ್ತಿಗೆಯಲ್ಲಿ ಒಡೆಯುತ್ತಾಳೆ. ಅತ್ತೆ ಕಿರುಚುತ್ತಾ, ನಾನು ಮನುಷ್ಯಳು ಅಂತ ಓಡುತ್ತಾಳೆ.

ಹಳೆಯ ನೀತಿ ಹೋಯಿತು, ಹಸಿವು ಬಂತು. ಅದರಲ್ಲಿ ಒಂದು ಸಾಲಿನ ಭಾಷಣವೂ ಇಲ್ಲ. ನನಗೆ ಬೇಕಿರುವುದು ಇಂಥದು.

ಬೆಳವಲ

ದೆವ್ವವೇ ಇಲ್ಲದ ದೆವ್ವದ ಕತೆ ನಮ್ಮಲ್ಲೇ ಇದೆ. 'ಕೆರೆಗೆ ಹಾರ'. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬೀಳುವುದಿಲ್ಲ. ಸೊಸೆಯನ್ನು ಬಲಿ ಕೊಡಬೇಕು ಅಂತ ಹೊತ್ತಿಗೆಯಲ್ಲಿ ಬರುತ್ತದೆ. ಹಿರಿಯ ಸೊಸೆ ಹೋದರೆ ಹಿರಿತನ ಯಾರಿಗೆ, ಕಿರಿಯವಳೇ ಇರಲಿ ಅಂತ ಮನೆಯವರು ಲೆಕ್ಕ ಹಾಕುತ್ತಾರೆ. ಭಾಗೀರತಿಗೆ ಗೊತ್ತಾಗುತ್ತದೆ. ತವರಿಗೆ ಹೋಗುತ್ತಾಳೆ, ಗೆಳತಿಯ ಹತ್ತಿರ ಹೋಗುತ್ತಾಳೆ. ಯಾರೂ ಹೋಗಬೇಡ ಅನ್ನುವುದಿಲ್ಲ.

ನಮ್ಮಲ್ಲಿ ಇದನ್ನು ತ್ಯಾಗದ ಹಾಡು ಅಂತ ಪಾಠ ಮಾಡುತ್ತಾರೆ. ನನಗೆ ಹಾಗೆ ಕೇಳಿಸುವುದೇ ಇಲ್ಲ. ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ ಹೆಂಗಸರು ತ್ಯಾಗವನ್ನು ಹೊಗಳುತ್ತಿದ್ದರೋ, ಆ ಮನೆಯವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ತೋರಿಸುತ್ತಿದ್ದರೋ? ದಂಡಿನಿಂದ ಬಂದ ಗಂಡ ಮಾದೇವರಾಯ ವಿಷಯ ತಿಳಿದು ತಾನೂ ಕೆರೆಗೆ ಹಾರುತ್ತಾನೆ. ಹಾಡು ಮುಗಿಯುವುದು ತುಂಬಿದ ಕೆರೆಯ ಸಂತೋಷದಲ್ಲಿ ಅಲ್ಲ. ಯಾರಾದರೂ ಇದನ್ನು ಭಯದ ಸಿನಿಮಾ ಮಾಡಬೇಕು, ಬಾಯಿ ಮುಚ್ಚಿಕೊಂಡ ಆ ಮನೆಯನ್ನು ತೋರಿಸಬೇಕು ಅಂತ ನನ್ನ ಆಸೆ.

ಕಾರ್ಕಳದವ

ಚರ್ಚೆ ಒಳ್ಳೆಯದಿದೆ. ಆದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಯಾರಾದರೂ 'ಕಾಂತಾರ'ವನ್ನೂ ಈ ಪಟ್ಟಿಗೆ ಸೇರಿಸುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ದೈವವನ್ನು ದೆವ್ವದ ಸಾಲಿನಲ್ಲಿ ಕೂರಿಸಬೇಡಿ ಮಾರಾಯ್ರೇ. ಆ ಸಿನಿಮಾದಲ್ಲಿ ಕೂಗು ಕೇಳಿ ಮೈ ಜುಂ ಅನ್ನುವುದು ನಿಜ. ಆದರೆ ಆ ಭಯದ ಜೊತೆ ನಂಬಿಕೆ ಇದೆ. ಕಷ್ಟ ಬಂದರೆ ನಾವು ಓಡಿಹೋಗುವುದು ದೈವದ ಹತ್ತಿರಕ್ಕೆ, ದೈವದಿಂದ ದೂರಕ್ಕೆ ಅಲ್ಲ.

ಆದರೂ ಇಲ್ಲಿ ಹೇಳಬೇಕಾದ ಒಂದು ಕತೆ ಇದೆ. ಕಲ್ಕುಡ ಕಲ್ಲುರ್ಟಿಯದು. ನಮ್ಮ ಊರಿನ ಗೊಮ್ಮಟನನ್ನು 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಅಂತ ಶಾಸನ ಹೇಳುತ್ತದೆ. ಸುಮಾರು 42 ಅಡಿ ಎತ್ತರದ ಒಂದೇ ಕಲ್ಲು. ಪಾಡ್ದನ, ಅಂದರೆ ನಮ್ಮ ತುಳು ಜನಪದ ಕತೆಹಾಡು, ಹೇಳುವುದು ಅದನ್ನು ಕೆತ್ತಿದವನ ಕತೆ. ಬೀರ ಕಲ್ಕುಡ ಕೆಲಸ ಮುಗಿಸಿ ಕೂಲಿ ಕೇಳಿದ. ಇಂಥದ್ದನ್ನು ಇನ್ನೊಂದು ಕಡೆ ಮಾಡಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಅವನು ಹಾಗೇ ವೇಣೂರಿಗೆ ಹೋಗಿ ಉಳಿದ ಒಂದು ಕೈಯಲ್ಲಿ ಅಲ್ಲಿಯೂ ಗೊಮ್ಮಟನನ್ನು ಕೆತ್ತಿದ. ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅಣ್ಣನ ಸ್ಥಿತಿ ನೋಡಿದಳು. ಇಬ್ಬರೂ ಮಾಯವಾಗಿ ದೈವಗಳಾದರು, ಕಾರ್ಕಳದ ಅರಮನೆಯ ನೆಮ್ಮದಿ ಕೆಡಿಸಿದರು.

ವೇಣೂರಿನ ಗೊಮ್ಮಟ ನಿಂತದ್ದು 1604ರಲ್ಲಿ. ನಡುವೆ 172 ವರ್ಷ. ಇತಿಹಾಸ ಓದಿದವರು ಇದು ಆಗದ ಮಾತು ಅನ್ನಬಹುದು. ಪಾಡ್ದನಕ್ಕೆ ಬೇಕಾದದ್ದು ತಾರೀಕು ಅಲ್ಲ. ಕಲ್ಲಿನ ಮೇಲೆ ಅರಸನ ಹೆಸರಿದೆ, ಕೆತ್ತಿದವನ ಹೆಸರನ್ನು ಪಾಡ್ದನ ಉಳಿಸಿಕೊಂಡಿದೆ.

ನಾನು ಹೇಳಬೇಕೆಂದಿದ್ದು ಇದರ ಮುಂದಿನದು. ನಿಮ್ಮ ಸಿನಿಮಾಗಳಲ್ಲಿ ಅನ್ಯಾಯಕ್ಕೆ ಒಳಗಾದವರು ದೆವ್ವವಾಗಿ ಬರುತ್ತಾರೆ. ಕೊನೆಗೆ ಅವರನ್ನು ಸುಡುತ್ತಾರೆ, ಕಟ್ಟುತ್ತಾರೆ, ಓಡಿಸುತ್ತಾರೆ. ಟಿಕೆಟ್ ಕೊಂಡವನು ನೆಮ್ಮದಿಯಿಂದ ಮನೆಗೆ ಹೋಗಬೇಕಲ್ಲ. ತುಳುನಾಡಿನಲ್ಲಿ ಹಾಗಲ್ಲ. ಅವರಿಗೆ ಜಾಗ ಕೊಟ್ಟು, ಗುಡಿ ಕಟ್ಟಿ, ವರ್ಷ ವರ್ಷ ನೇಮ (ದೈವದ ಉತ್ಸವ) ಕೊಟ್ಟು, ಅವರ ಮುಂದೆ ನಿಂತು ನ್ಯಾಯ ಕೇಳುತ್ತಾರೆ. ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಅಗೇಲು ಸೇವೆ, ಅಂದರೆ ಊಟದ ಎಡೆ, ಕೊಡಲು ಎಷ್ಟು ಜನ ಬರುತ್ತಾರೆ ನೋಡಿ. ಕಳ್ಳತನ, ಜಾಗದ ತಕರಾರು, ಮೋಸ, ಎಲ್ಲವನ್ನೂ ಅಪ್ಪೆಯ (ತಾಯಿಯ) ಹತ್ತಿರ ಹೇಳಿಕೊಳ್ಳುತ್ತಾರೆ. ನ್ಯಾಯ ಸಿಗದೆ ಹೋದವಳೇ ಈಗ ನ್ಯಾಯ ಕೊಡುವವಳು. ಕೋಲ ಕಟ್ಟುವವರು, ಅಂದರೆ ದೈವದ ವೇಷ ಹಾಕಿ ಕುಣಿಯುವವರು, ಪಂಬದ, ಪರವ, ನಲಿಕೆ ಸಮುದಾಯದವರು. ಒಂದು ಕಾಲದಲ್ಲಿ ಜಗಲಿ ಹತ್ತಲು ಬಿಡದಿದ್ದ ಯಜಮಾನ ಆ ಒಂದು ರಾತ್ರಿ ಅವರ ಮುಂದೆ ಕೈಮುಗಿದು ನಿಲ್ಲಲೇಬೇಕಿತ್ತು. ಬೆಳಗಾದ ಮೇಲೆ ಏನಾಗುತ್ತಿತ್ತು ಅನ್ನುವುದೂ ನಮಗೆ ಗೊತ್ತಿದೆ. ಅದರ ಬಗ್ಗೆ ನಮ್ಮ ಊರಿನವರು ಇನ್ನೂ ಜಾಸ್ತಿ ಮಾತಾಡಬೇಕು.

ಕಾಸರಗೋಡು ಕನ್ನಡಿಗ

ಕಾರ್ಕಳದವರು ಹೇಳಿದ್ದಕ್ಕೆ ಸರಿಯಾಗಿ ಹೊಂದುವ ಮಲಯಾಳಂ ಸಿನಿಮಾ 'ಭ್ರಮಯುಗಂ'. 2024, ರಾಹುಲ್ ಸದಾಶಿವನ್ ನಿರ್ದೇಶನ, ಇಡೀ ಸಿನಿಮಾ ಕಪ್ಪು ಬಿಳುಪು. 17ನೇ ಶತಮಾನದ ಮಲಬಾರ್. ಹಾಡು ಹೇಳಿ ಬದುಕುವ ಪಾಣನ್ ಜಾತಿಯ ತೇವನ್ ಹಸಿದು ಒಂದು ಪಾಳು ಮನೆಗೆ ಬರುತ್ತಾನೆ. ಯಜಮಾನ ಕೊಡುಮೊನ್ ಪೋಟ್ಟಿ, ಅಂದರೆ ಮಮ್ಮುಟ್ಟಿ, ಅವನನ್ನು ಒಳಗೆ ಕರೆದು ಅತಿಥಿ ಅಂತ ಅನ್ನ ಹಾಕುತ್ತಾನೆ. ಜಾತಿ ನೋಡದ ದೊಡ್ಡ ಮನಸ್ಸು ಅನಿಸುತ್ತದೆ. ಆಮೇಲೆ ಪಗಡೆ. ಕಳೆದುಕೊಳ್ಳಲು ನನ್ನ ಹತ್ತಿರ ಏನೂ ಇಲ್ಲ ಅನ್ನುವ ಬಡವನ ಹತ್ತಿರ ಪೋಟ್ಟಿ ಅವನ ಸಮಯವನ್ನೇ ಪಣ ಕೇಳುತ್ತಾನೆ. ಸೋತರೆ ಬದುಕೆಲ್ಲ ಅಲ್ಲೇ ಚಾಕರಿ. ಜೀತ ಹೇಗೆ ಶುರುವಾಗುತ್ತದೆ ಅನ್ನುವುದನ್ನು ಒಂದು ಹಲಗೆ, ಎರಡು ದಾಳದಲ್ಲಿ ತೋರಿಸಿದ ಹಾಗಿದೆ.

ಪೋಟ್ಟಿಯ ವೇಷದಲ್ಲಿರುವುದು ಚಾತನ್, ಕೇರಳದ ಕತೆಗಳ ಒಂದು ಭೂತ. ಅವನೂ ಒಂದು ಕಾಲದಲ್ಲಿ ಆ ಮನೆಯವರು ಕಟ್ಟಿಹಾಕಿ ದುಡಿಸಿದವನೇ. ಚಾತನನ್ನು ಆಳುವ ಉಂಗುರ ಸಿಕ್ಕಾಗ ತೇವನ್ ಅದನ್ನು ನಾಶ ಮಾಡೋಣ ಅನ್ನುತ್ತಾನೆ. ಅಡುಗೆಯವನಿಗೆ ಅದು ಬೇಕು. ಅವನು ಆ ಮನೆಯವರು ಒಪ್ಪಿಕೊಳ್ಳದ ಮಗ. ತುಂಬಾಡ್‌ನ ವಿನಾಯಕನೇ ಇಲ್ಲೂ ಬಂದ ಹಾಗಾಯಿತು! ಇಬ್ಬರೂ ಹೊಡೆದಾಡುತ್ತಾರೆ, ಕೊನೆಗೆ ಗೆಲ್ಲುವವನು ಚಾತನ್. ಅವನನ್ನು ಸುಟ್ಟು ಮುಗಿಸುವುದೂ ಇಲ್ಲ, ಗುಡಿ ಕಟ್ಟಿ ಕೂರಿಸುವುದೂ ಇಲ್ಲ. ಮೈ ಬದಲಾಯಿಸಿಕೊಂಡು ಕಾಡಿನ ದಾರಿಯಲ್ಲಿ ನಡೆದು ಹೋಗುತ್ತಾನೆ. ಅಧಿಕಾರ ಹಾಗೇ ಅಲ್ವಾ ಓಡಾಡುವುದು?

ತುಂಗಾ ತೀರ

ಕಾರ್ಕಳದವರ ಮಾತು ಓದಿದ ಮೇಲೆ ನನ್ನ ಪ್ರಶ್ನೆ ಒಂದು ಹೆಜ್ಜೆ ಮುಂದೆ ಹೋಗಿದೆ. ಸಿನಿಮಾ ಮುಗಿದಾಗ ದೆವ್ವಕ್ಕೆ ಏನಾಯಿತು ಅಂತ ಕೇಳುವುದಕ್ಕಿಂತ, ಆ ಮನೆ ತನ್ನ ತಪ್ಪನ್ನು ಒಪ್ಪಿಕೊಂಡಿತಾ ಅಂತ ಕೇಳಬೇಕು.

'ಆಪ್ತಮಿತ್ರ' ನೆನಪಿಸಿಕೊಳ್ಳಿ. 2004ರಿಂದ ಇವತ್ತಿನವರೆಗೂ ನಾಗವಲ್ಲಿಯ ನೃತ್ಯ, ಆ ಹಾಡು ಎಲ್ಲರಿಗೂ ಬಾಯಿಪಾಠ. ಮೂಲ 1993ರ ಮಲಯಾಳಂ ಸಿನಿಮಾ 'ಮಣಿಚಿತ್ರತಾಳ್'. ಹುಡುಗಿಯೊಬ್ಬಳು ತಾನೇ ಸತ್ತ ನರ್ತಕಿ ನಾಗವಲ್ಲಿ ಅಂದುಕೊಳ್ಳುತ್ತಾಳೆ. ಡಾಕ್ಟರ್ ಬರುತ್ತಾನೆ, ರೋಗ ಗುರುತಿಸುತ್ತಾನೆ, ಹುಡುಗಿ ಗುಣವಾಗುತ್ತಾಳೆ. ಒಳ್ಳೆಯದೇ. ಆದರೆ ಆ ನರ್ತಕಿ ಪ್ರೀತಿಸಿದವನನ್ನು ಕೊಂದ ಯಜಮಾನನ ಬಗ್ಗೆ ಕೊನೆಯಲ್ಲಿ ಯಾರಾದರೂ ಮಾತಾಡುತ್ತಾರಾ? ಅವಳನ್ನು ನಂಬಿಸಲು ಒಂದು ಬೊಂಬೆಯನ್ನು ಕೊಲ್ಲಿಸಿ ಸಮಾಧಾನ ಮಾಡಿ ಕಳಿಸುತ್ತಾರೆ. ಅವಳ ಚಿತ್ರಪಟ ಅದೇ ಗೋಡೆಯ ಮೇಲೆ ಉಳಿಯುತ್ತದೆ. ಆ ಸಿನಿಮಾ ನನಗೆ ತುಂಬಾ ಇಷ್ಟ. ಇಷ್ಟವಾದ್ದರಿಂದಲೇ ಈ ಕೊರತೆ ಚುಚ್ಚುತ್ತದೆ.

ಇದಕ್ಕೆ ಹೋಲಿಸಿದರೆ 'ತುಂಬಾಡ್'ನ ಕೊನೆ ಗಟ್ಟಿ. ಮೈ ಕೊಳೆತ ಅಪ್ಪ ಹಸ್ತರ್‌ನ ಲಂಗೋಟಿಯನ್ನೇ ಮಗನ ಕಡೆ ಚಾಚುತ್ತಾನೆ. ಪೂರ್ತಿ ನಿಧಿ. ಮಗ ತೆಗೆದುಕೊಳ್ಳುವುದಿಲ್ಲ. ಅಜ್ಜಿಯಿಂದ ಮೊಮ್ಮಗನವರೆಗೆ ಬಂದ ಕೆಲಸವನ್ನು ಒಬ್ಬ ಹುಡುಗ ಬೇಡ ಅಂದು ನಿಲ್ಲಿಸುತ್ತಾನೆ.

ಗಿರಣಿ ಬೀದಿ

ಮೊದಲಿನಿಂದ ಸುಮ್ನೆ ಓದುತ್ತಿದ್ದೆ. ಒಂದು ಕೇಳಬೇಕಿತ್ತು. ನನ್ನ ಮಗ ಎಂಟನೇ ಕ್ಲಾಸ್. ದೆವ್ವದ ಸಿನಿಮಾ ಅಂದರೆ ಪ್ರಾಣ. ಇವುಗಳಲ್ಲಿ ಯಾವುದನ್ನು ತೋರಿಸಬಹುದು?

ಸಂಜೆಮಲ್ಲಿಗೆ

'ಬುಲ್‌ಬುಲ್' ಈಗಲೇ ಬೇಡ ಅಕ್ಕ. ಆ ಹಿಂಸೆ ನೋಡೋಕೆ ದೊಡ್ಡವರಿಗೇ ಕಷ್ಟ. 'ತುಂಬಾಡ್'ಗೂ ಎ ಪ್ರಮಾಣಪತ್ರ ಇದೆ. 'ಸ್ತ್ರೀ'ಯನ್ನು ನೀವು ಮೊದಲು ಒಮ್ಮೆ ನೋಡಿ, ಕೆಲವು ಮಾತು ಒರಟಾಗಿವೆ. ಸರಿ ಅನಿಸಿದರೆ ಜೊತೆಯಲ್ಲೇ ಕೂತು ನೋಡಿ. ಮುಗಿದ ಮೇಲೆ ಅವಳು ಯಾಕೆ ಬರುತ್ತಿದ್ದಳು ಅಂತ ಮಗನನ್ನೇ ಕೇಳಿ.

ಕಾರ್ಕಳದವ

ಸಿನಿಮಾಕ್ಕೆ ಮೊದಲು ಕಲ್ಕುಡನ ಕತೆ ಹೇಳಿ. ರಜೆಯಲ್ಲಿ ಈ ಕಡೆ ಬಂದರೆ ಬೆಟ್ಟ ಹತ್ತಿಸಿ ಗೊಮ್ಮಟನನ್ನು ತೋರಿಸಿ, ಅಲ್ಲಿಂದ ವೇಣೂರು ದೂರವಿಲ್ಲ. ಒಂದೇ ದಿನ ಎರಡನ್ನೂ ನೋಡಬಹುದು.